ಡಿಕ್ಕಿಯ ಅಳತೆ

ಶುಕ್ರವಾರ, ಬೆಳಗಿನ ಏಳೂವರೆ.
ವಾದಿ ಕಬೀರಿನ ಬೋಳು ಗುಡ್ಡಗಳು
ಆಗಲೇ ಕಾದ ಕಾವಲಿ.
ಸಾಲಾಗಿ ನಿಂತ ಗಾಡಿಗಳ ಗಾಜಿನ ಮೇಲೆ ರಟ್ಟು,
ರಟ್ಟಿನ ಮೇಲೆ ರಿಯಾಲು.

ನಾನು ಬಂದದ್ದು ಚಂದಕ್ಕಲ್ಲ.
ರೂವಿಯ ನನ್ನ ಅಂಗಡಿಯಿಂದ ಅಲ್ ಖುವೈರಿನ ತನಕ
ದಿನಕ್ಕೆರಡು ಸಲ ಹೋಗಿ ಬರಬೇಕು:
ಶಾಲೆಯ ಯೂನಿಫಾರ್ಮು, ಪರದೆ, ಅಬಾಯ,
ಮತ್ತೆ ಥಾನುಗಟ್ಟಲೆ ಬಟ್ಟೆ,
ಐವತ್ತೆಂಟು ಇಂಚು ಪನ್ನ,
ಮಡಚಿದರೆ ಗೆರೆ ಬೀಳುವ ಜಾತಿಯದು.
ಕಿಟಕಿಯಿಂದ ಚಾಚಿಕೊಂಡ ಸುರುಳಿ ನೋಡಿ
ಟ್ಯಾಕ್ಸಿಯವನು ಒಮ್ಮೆ ಕೇಳಿದ್ದ, ಹೆಣವೇ ಎಂದು.

ಇದು ಚಿಕ್ಕ ವ್ಯಾಗನ್ನು.
ಹಾಲಿನ ಬಿಳಿ ಇದ್ದದ್ದು ಈಗ ಒಡೆದ ಹಾಲಿನ ಬಿಳಿ.
ಒಂಬೈನೂರೈವತ್ತು.

ಇದ್ದಿನಬ್ಬ ಬಾನೆಟ್ಟಿನೊಳಗೆ ತಲೆಯಿಟ್ಟು
ಒಂದು ಹೂಂ ಅಂದ. ಸ್ವಲ್ಪ ಹೊತ್ತಿಗೆ ಇನ್ನೊಂದು ಹೂಂ.
ಆಯಿಲಿನ ಕಡ್ಡಿ ಒರೆಸಿ ಮೂಸಿದ.
ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ,
ಹುಟ್ಟಿದ ವಾರ, ಹುಟ್ಟಿದ ವರ್ಷ.
“ಓಡಬೇಕಂತಿಲ್ಲ ವಾರಿಜಕ್ಕ,
ಇಲ್ಲಿನ ಬಿಸಿಲಿಗೆ ರಬ್ಬರು ನಿಂತಲ್ಲೇ ಮುದಿಯಾಗ್ತದೆ.”
ನಾನು ನನ್ನ ಮಂಡಿ ನೋಡಿಕೊಂಡೆ.

ಎಂಜಿನ್ನು ಅವನು ನೋಡಲಿ.
ನಾನು ಹಿಂಬಾಗಿಲೆತ್ತಿ ಚೀಲದಿಂದ ಟೇಪು ತೆಗೆದೆ.
ಅಳತೆಗೆ ನಿಂತವರೆಲ್ಲ ಹೊಟ್ಟೆ ಒಳಗೆಳೆದುಕೊಂಡು
ಸುಳ್ಳು ಹೇಳುತ್ತಾರೆ; ಇಪ್ಪತ್ತಾರು ವರ್ಷದಿಂದ ಗೊತ್ತು.
ಒಂದು ನಿಮಿಷ ಸುಮ್ಮನಿರಬೇಕು,
ಉಸಿರು ತಾನಾಗಿ ಬಿಡುತ್ತಾರೆ.
ಪಾಲಿಶು ಬಳಿದುಕೊಂಡ ಗಾಡಿಯೂ ಅಷ್ಟೆ.

ಡಿಕ್ಕಿ ಎಂದರೆ ನಮ್ಮಲ್ಲಿ ಎರಡರ್ಥ.
ಒಂದನ್ನು ಅಳೆದೆ: ಅಗಲ ನಲವತ್ತು,
ಸೀಟು ಮಡಚಿದರೆ ಉದ್ದ ಅರವತ್ತೊಂದು.
ಇನ್ನೊಂದು ಎಡಗಡೆಯ ಬಂಪರಿನಲ್ಲಿತ್ತು.
ಬಣ್ಣ ಮುಚ್ಚಿದ್ದರೂ ಬೆರಳಿಗೆ ಸಿಕ್ಕಿತು,
ದರ್ಜಿಗೆ ರಫೂ ಸಿಗುವ ಹಾಗೆ.

“ಕಂಬ,” ಎಂದರು ಖಲ್ಫಾನ್ ಸಾಹೇಬರು, ನಾಚಿ.
“ಹಿಂದಿನ ದಿನ ಅಲ್ಲಿರಲಿಲ್ಲ.”
ಅವರ ಹಿಂದಿ ನನ್ನ ಅರಬಿಗಿಂತ ವಾಸಿ.
ಮಾರುವುದೇಕೆ? ಮಕ್ಕಳು ಎತ್ತರದ ಗಾಡಿ ತಂದಿದ್ದಾರೆ,
ಹತ್ತಲು ಸ್ಟೂಲು ಬೇಕು.
ಹಿಂದೆ ಏನು ಒಯ್ಯುತ್ತಿದ್ದಿರಿ?
ಖರ್ಜೂರ. ಬಕ್ರೀದಿಗೆ ಎರಡು ಆಡು.
ಒಮ್ಮೆ ಹೆಂಡತಿಯ ಅಕ್ಕ, ಮುಂದೆ ಜಾಗ ಇರಲಿಲ್ಲ.
ಲೋಬಾನದ ಹೊಗೆ ಹಾಕಿ ತಂದಿದ್ದರು;
ಹೊಗೆಯ ಅಡಿಯಲ್ಲಿ ಆಡು ಇನ್ನೂ ಇತ್ತು.

ಏಸಿ: ಓಡುವಾಗ ಚಳಿ, ನಿಂತಾಗ ನಿಟ್ಟುಸಿರು.
“ಫ್ಯಾನು,” ಅಂದ ಇದ್ದಿನಬ್ಬ. “ಮೂವತ್ತು ರಿಯಾಲು.”
ನನ್ನ ದಾರಿಯ ಸಿಗ್ನಲ್ಲು ಮನಸ್ಸಿನಲ್ಲೇ ಎಣಿಸಿದೆ, ಹನ್ನೊಂದು.
ಆಗಸ್ಟನ್ನು ಹನ್ನೊಂದರಿಂದ ಗುಣಿಸಿದೆ.

ಲೈಸೆನ್ಸು ಸಿಕ್ಕಿದ್ದು ನಾಲ್ಕನೇ ಸಲಕ್ಕೆ.
ಡ್ರಮ್ಮುಗಳ ನಡುವೆ ರಿವರ್ಸು ಹೋದದ್ದು
ಸೂಜಿಗೆ ನೂಲು ಪೋಣಿಸಿದ ಹಾಗೆ;
ಏರಿನಲ್ಲೇ ಮೂರು ಸಲವೂ ಹಿಂದಕ್ಕೆ ಜಾರಿದ್ದು.
ಇವತ್ತು ಗುಡ್ಡದ ಏರಿನ ಅರ್ಧಕ್ಕೆ
ಬೇಕೆಂದೇ ನಿಲ್ಲಿಸಿದೆ.
ಹಿಂದೆ ನೀರಿನ ಲಾರಿ, ಅದರ ಹಾರನ್ನಿನಲ್ಲಿ ಬೈಗುಳ.
ಬ್ರೇಕು. ಕ್ಲಚ್ಚು. ಸಣ್ಣದೊಂದು ನಡುಕ,
ನನ್ನದೋ ಅದರದೋ.
ಹತ್ತಿತು.

ಹೆದ್ದಾರಿಯಲ್ಲಿ ಸ್ವಲ್ಪ ಬಲಕ್ಕೆ ಎಳೆಯುತ್ತದೆ.
ನೂರಿಪ್ಪತ್ತು ಮುಟ್ಟಿದೊಡನೆ ಒಳಗೆಲ್ಲೋ
ಡಿಣ್ ಡಿಣ್ ಡಿಣ್.
“ಮಕ್ಕಳು ಅದನ್ನು ತೆಗೆಸಿಬಿಡು ಅಂದರು,”
ಹಿಂದಿನ ಸೀಟಿನಿಂದ ಖಲ್ಫಾನ್,
“ನಾನು ತೆಗೆಸಲಿಲ್ಲ. ನನ್ನ ಜೊತೆ ಮಾತಾಡುತ್ತಿದ್ದದ್ದು ಅದೊಂದೇ.”
ನೂರಕ್ಕೆ ಇಳಿಸಿದೆ.

ಎಂಟುನೂರು ಅಂದೆ. ಅವರು ಗುಡ್ಡ ನೋಡಿದರು.
ಎಂಟುನೂರ ಎಪ್ಪತ್ತಕ್ಕೆ ಚಹಾ ಬಂತು.

ಗಾಡಿಯ ಕಾಗದಕ್ಕೆ ಇಲ್ಲಿ ಮುಲ್ಕಿಯಾ ಅನ್ನುತ್ತಾರೆ.
ಮೂಲ್ಕಿಯವಳು ನಾನು; ಆ ಮಾತು ಕೇಳಿದಾಗೆಲ್ಲ
ಬಸ್‌ಸ್ಟ್ಯಾಂಡಿನ ಸೋಡದಂಗಡಿ ಒಂದು ಕ್ಷಣ ಎದುರು ಬರುತ್ತದೆ.
ಹೆಸರು ಬದಲಾಗುವುದು ಭಾನುವಾರ.
ಅಲ್ಲಿಯ ತನಕ ಅವರದೇ.
ಅವರೇ ಓಡಿಸಿಕೊಂಡು ಹೋದರು,
ತಿರುವಿನಲ್ಲಿ ಅಗತ್ಯಕ್ಕಿಂತ ನಿಧಾನ.

ಟೇಪು ಡಿಕ್ಕಿಯಲ್ಲೇ ಉಳಿದದ್ದು
ಅಂಗಡಿಯಲ್ಲಿ ಕುತ್ತಿಗೆ ಮುಟ್ಟಿಕೊಂಡಾಗ ಗೊತ್ತಾಯಿತು.
ಶನಿವಾರವಿಡೀ ಕಣ್ಣಳತೆಯಲ್ಲೇ ಕತ್ತರಿಸಿದೆ.
ತಪ್ಪಲಿಲ್ಲ,
ಒಬ್ಬಳ ಕಂಕುಳ ಬಿಟ್ಟರೆ.